ಮುಂದಿಂದು ಗೊತ್ತೈತಿ, ಹಿಂದಿಂದು ಹೇಳ್ರಿ!

ವಿರಾಟನಗರದಿಂದ ಕಾಂತಾರದವರೆಗೆ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಪ್ರೇಕ್ಷಕರು ಮರಳಿ ಮರಳಿ ಹೋಗುವ ಮಾಯಾಲೋಕ

ಕೊನೆ ಗೊತ್ತಿರುವ ಕಥೆಗೆ ಟಿಕೆಟ್ ಮಾರಲು ಸಾಧ್ಯವೇ? ಗಾಂಧೀನಗರದ ಯಾವ ನಿರ್ಮಾಪಕರನ್ನು ಕೇಳಿದರೂ "ಆಗದ ಮಾತು ಬಿಡಿ" ಅಂದಾರು. ಕ್ಲೈಮ್ಯಾಕ್ಸ್ ಬಯಲಾದರೆ ಪಿಕ್ಚರಿನ ಮಜಾ ಮುಗಿಯಿತು ಎಂಬುದು ಅವರ ಲೆಕ್ಕ. ಪಕ್ಕದ ಸೀಟಿನವ ಕಥೆ ಹೇಳಿಬಿಟ್ಟರೆ ನಾವೂ ಅವನ ಮೇಲೆ ಹರಿಹಾಯುವುದಿಲ್ಲವೇ?

ಆದರೆ ಓದುಗ ಮಹಾಶಯರೇ, ಈಗ ಕಿರುತೆರೆಯಲ್ಲಿ ಜಗತ್ತಿನ ಅತಿ ದುಬಾರಿ ಧಾರಾವಾಹಿಗಳು ಈ ಲೆಕ್ಕವನ್ನೇ ತಲೆಕೆಳಗು ಮಾಡಿ ಕೂತಿವೆ. ಅವು ಹೇಳುವುದು ಮುಂದಿನ ಕಥೆಯನ್ನಲ್ಲ, ಹಿಂದಿನದನ್ನು! ಇಂಗ್ಲಿಷಿನವರು ಇದಕ್ಕೆ ಪ್ರೀಕ್ವೆಲ್ ಅಂತಾರೆ. ನಾವು ಪೂರ್ವಕಥೆ ಅನ್ನೋಣ. ಮೆಚ್ಚಿದ ಲೋಕವೊಂದಕ್ಕೆ ಇನ್ನೊಮ್ಮೆ ಹೋಗಿ, ಅಲ್ಲಿಯ ದೊಡ್ಡವರು ಚಿಕ್ಕವರಾಗಿದ್ದಾಗ ಹೇಗಿದ್ದರು, ಕೆಟ್ಟವರು ಯಾಕೆ ಕೆಟ್ಟರು ಎಂದು ನೋಡಿ ಬರುವ ಯಾತ್ರೆ ಅದು.

ಇದೇನೋ ಹೊಸ ಫ್ಯಾಶನ್ ಎಂದುಕೊಂಡಿರಾ? ಹಾಗಾದರೆ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಕಡೆ ಒಮ್ಮೆ ಬಸ್ ಹತ್ತಿ ಬನ್ನಿ. ಈ ಸೀಮೆಯ ಪ್ರೇಕ್ಷಕ ತಲೆಮಾರುಗಳಿಂದ ಇದೇ ಕೇಳುತ್ತಾ ಬಂದಿದ್ದಾನೆ: "ಮುಂದಿಂದು ಗೊತ್ತೈತಿ, ಹಿಂದಿಂದು ಹೇಳ್ರಿ!"

ಉಂಗುರದ ಲೋಕ, ಡ್ರ್ಯಾಗನ್ ಮನೆತನ

ಮೊದಲು ಹೊರಗಿನ ಸುದ್ದಿ. ಟೋಲ್ಕಿನ್ ಎಂಬ ಇಂಗ್ಲಿಷ್ ಪ್ರೊಫೆಸರರು 1954-55ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಪ್ರಕಟಿಸಿದರು. ಒಂದು ಕೆಟ್ಟ ಉಂಗುರ, ಅದನ್ನು ನಾಶ ಮಾಡಲು ಹೊರಟ ಕುಳ್ಳ ಜನ, ಸಾವಿಲ್ಲದ ಎಲ್ಫ್‌ಗಳು. 2001ರಿಂದ 2003ರವರೆಗೆ ಪೀಟರ್ ಜಾಕ್ಸನ್ ಅದನ್ನು ಮೂರು ಚಿತ್ರಗಳಾಗಿ ತೆಗೆದು ಜಗತ್ತನ್ನೇ ಮರುಳು ಮಾಡಿದರು. ಆಮೇಲೆ 2022ರ ಸೆಪ್ಟೆಂಬರಿನಲ್ಲಿ ಪ್ರೈಮ್ ವಿಡಿಯೋದಲ್ಲಿ 'ದಿ ರಿಂಗ್ಸ್ ಆಫ್ ಪವರ್' ಬಂತು. ಇದು ಆ ಕಥೆಗೂ ಸಾವಿರಾರು ವರ್ಷ ಹಿಂದಿನದು. ಉಂಗುರಗಳು ತಯಾರಾದದ್ದು ಹೇಗೆ, ಮಾಡಿಸಿದ ದುಷ್ಟ ಯಾರು ಎಂಬುದೇ ಇಲ್ಲಿಯ ಕಥಾವಸ್ತು. ಮೊದಲ ಕಂತಿಗೇ 46 ಕೋಟಿ ಡಾಲರ್ ಖರ್ಚಾಯಿತೆಂದು ವರದಿಯಾಯಿತು!

ಅದಕ್ಕೂ ಕೆಲವೇ ದಿನ ಮೊದಲು, 2022ರ ಆಗಸ್ಟಿನಲ್ಲಿ, 'ಹೌಸ್ ಆಫ್ ದಿ ಡ್ರ್ಯಾಗನ್' ಶುರುವಾಗಿತ್ತು. ಅದು 'ಗೇಮ್ ಆಫ್ ಥ್ರೋನ್ಸ್' ಎಂಬ ಭಾರೀ ಧಾರಾವಾಹಿಯ ಪೂರ್ವಕಥೆ. 2011ರಿಂದ 2019ರವರೆಗೆ 73 ಸಂಚಿಕೆ ಓಡಿದ ಆ ಧಾರಾವಾಹಿಯ ಕೊನೆ ಎಷ್ಟೋ ಜನಕ್ಕೆ ಹಿಡಿಸಲಿಲ್ಲ. ಸಿಟ್ಟಾದರು, ಬೈದರು. ಆದರೂ ಪೂರ್ವಕಥೆ ಬಂದಾಗ ಅದೇ ಜನ ಮತ್ತೆ ಬಂದು ಕೂತರು. ಆ ರಾಜಮನೆತನ ಒಳಜಗಳದಿಂದ ಹೇಗೆ ಸುಟ್ಟುಹೋಯಿತೆಂದು ನೋಡುವ ಕುತೂಹಲ ನೋಡಿ!

ನಮ್ಮ ದೇಶದಲ್ಲೂ ಇಂಥ ಯತ್ನವಾಯಿತು. 'ಬಾಹುಬಲಿ'ಯ ಶಿವಗಾಮಿ ಹುಡುಗಿಯಾಗಿದ್ದಾಗಿನ ಕಥೆಯನ್ನು ಆನಂದ್ ನೀಲಕಂಠನ್ 2017ರಲ್ಲಿ ಕಾದಂಬರಿ ಮಾಡಿದರು. ಅದನ್ನು ಧಾರಾವಾಹಿಯಾಗಿ ತೆಗೆಯುವುದಾಗಿ 2018ರಲ್ಲಿ ನೆಟ್‌ಫ್ಲಿಕ್ಸ್ ಪ್ರಕಟಿಸಿತು. ಚಿತ್ರೀಕರಣವೂ ನಡೆಯಿತು, ಆದರೆ ಧಾರಾವಾಹಿ ತೆರೆಗೆ ಬರಲಿಲ್ಲ. ಕೊನೆಗೆ 2024ರಲ್ಲಿ 'ಬಾಹುಬಲಿ: ಕ್ರೌನ್ ಆಫ್ ಬ್ಲಡ್' ಎಂಬ ಕಾರ್ಟೂನು ಧಾರಾವಾಹಿಯಲ್ಲಿ ಮಾಹಿಷ್ಮತಿಗೆ ಮರಳುವ ದಾರಿ ಸಿಕ್ಕಿತು. ದುಡ್ಡು, ಹೆಸರು ಎರಡೂ ಇದ್ದರೂ ಪೂರ್ವಕಥೆ ಮಾಡುವುದು ಎಷ್ಟು ಕಷ್ಟ ಅಂತ ತಿಳಿಯಲು ಇದೊಂದೇ ಸಾಕು.

ಸಾರಥಿ ಕೇಳುವ ಪ್ರಶ್ನೆ

ಈಗ ನಮ್ಮ ಸೀಮೆಗೆ ಬರೋಣ. ಊರ ಬಯಲಿನಲ್ಲಿ ಅಟ್ಟ ಕಟ್ಟಿ, ಹೊತ್ತು ಮುಳುಗಿದ ಮೇಲೆ ಶುರುವಾಗಿ ಮೂಡಣ ಕೆಂಪಾಗುವವರೆಗೆ ನಡೆಯುವ ದೊಡ್ಡಾಟ ನೋಡಿದ್ದೀರಾ? ಕಿರೀಟ, ಭುಜಕೀರ್ತಿ, ಎದೆಹಾರ ಕಟ್ಟಿದ ಪಾತ್ರಧಾರಿ ಧಡಧಡ ಹೆಜ್ಜೆ ಹಾಕುತ್ತಾ ಬರುತ್ತಾನೆ. ಬಂದವನೇ ಕಥೆಗೆ ಕೈ ಹಾಕುವ ಹಾಗಿಲ್ಲ. ಸಾರಥಿ ಅಡ್ಡ ನಿಂತು ಕೇಳುತ್ತಾನೆ: ತಾವು ಯಾರು, ಯಾರ ಮಗ, ಯಾವ ವಂಶ, ಯಾವ ಪಟ್ಟಣ? ಪಾತ್ರಧಾರಿ ಎದೆ ಸೆಟೆಸಿ ತನ್ನ ಹುಟ್ಟು, ಕುಲ, ಪರಾಕ್ರಮ ಎಲ್ಲ ವಿಸ್ತಾರವಾಗಿ ಹೇಳಿದ ಮೇಲೆಯೇ ಆಟ ಮುಂದಕ್ಕೆ.

ಮುಂದೆ ಕೂತ ಅಜ್ಜನಿಗೆ ಬಂದವ ಭೀಮನೆಂದು ಗೊತ್ತಿಲ್ಲವೇ? ಗದೆ ನೋಡಿದರೆ ಮಗುವಿಗೂ ಗೊತ್ತು! ಆದರೂ ಕೇಳಬೇಕು, ಅವನ ಬಾಯಿಂದಲೇ ಕೇಳಬೇಕು. ಪೂರ್ವಕಥೆಯ ಗುಟ್ಟು ಸಾರಥಿಯ ಆ ಒಂದು ಪ್ರಶ್ನೆಯಲ್ಲಿದೆ. 'ಕೀಚಕ ವಧೆ' ಆಟದಲ್ಲಿ ಕೀಚಕ ಸಾಯುತ್ತಾನೆ ಎಂಬುದು ಆಟದ ಹೆಸರಿನಲ್ಲೇ ಇದೆ. ಕ್ಲೈಮ್ಯಾಕ್ಸನ್ನು ಹೆಸರಿಗೇ ಇಟ್ಟು ಜನರನ್ನು ಇಡೀ ರಾತ್ರಿ ಕೂರಿಸುವ ಧೈರ್ಯ ಯಾವ ಹಾಲಿವುಡ್ಡಿನವನಿಗಿದೆ ಹೇಳಿ! ಏನಾಯಿತು ಎಂಬುದು ಗೊತ್ತಿದ್ದ ಮೇಲೆ ಮನಸ್ಸು "ಯಾಕ ಹಿಂಗಾತು?" ಎಂಬ ಕಡೆ ತಿರುಗುತ್ತದೆ. ಒಳ್ಳೆಯ ಪೂರ್ವಕಥೆ ಆ ಪ್ರಶ್ನೆಗೆ ಉತ್ತರ ಹೇಳುತ್ತದೆ.

ಕೆಟ್ಟವನ ಪಕ್ಷದಿಂದ ಕಥೆ ಕೇಳುವುದೂ ಈ ಕಡೆಯವರಿಗೆ ಹೊಸದಲ್ಲ. ಬಯಲಾಟದ ದುರ್ಯೋಧನನ ಠೇಂಕಾರಕ್ಕೆ ಬೀಳುವ ಶಿಳ್ಳೆ ಎಷ್ಟೋ ಸಲ ಧರ್ಮರಾಯನಿಗೆ ಬೀಳುವುದಿಲ್ಲ. 1998ರಲ್ಲಿ ನಾಯಕನ ಚಿತ್ರಕ್ಕೆ 'ಕೌರವ' ಎಂದು ಹೆಸರಿಟ್ಟು ಎಸ್. ಮಹೇಂದರ್ ಗೆದ್ದರು. ಅದರ ನಾಯಕ ಬಿ.ಸಿ. ಪಾಟೀಲರು ಮುಂದೆ ಹಿರೇಕೆರೂರಿನಿಂದಲೇ ಗೆದ್ದು ಶಾಸಕರಾದರು. ಜನ ಅವರನ್ನು 'ಕೌರವ' ಎಂದೇ ಕರೆದರು, ಬೈಗುಳವಾಗಿ ಅಲ್ಲ, ಬಿರುದಾಗಿ!

ಹಾನಗಲ್ಲೇ ವಿರಾಟನಗರ

ಹಾನಗಲ್ಲಿನವರಿಗಂತೂ ಮಹಾಭಾರತ ಪರವೂರಿನ ಕಥೆಯೇ ಅಲ್ಲ. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ತಮ್ಮೂರೇ ಎಂಬುದು ಇಲ್ಲಿಯ ನಂಬಿಕೆ. ಶಾಸನಗಳಲ್ಲಿ ಪಾನುಂಗಲ್ಲು ಎಂಬ ಹೆಸರಿನ ಜೊತೆಗೆ ವಿರಾಟಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಇವೆ. ರಾಜಸ್ಥಾನದ ಬೈರಾಟಿನವರು "ವಿರಾಟನಗರ ನಮ್ಮದು" ಅನ್ನುತ್ತಾರೆ, ಅನ್ನಲಿ ಬಿಡಿ. ತಾರಕೇಶ್ವರನ ಗುಡಿಯಲ್ಲಿ ನಿಂತು, ಕಲ್ಲಿನಲ್ಲಿ ಅರಳಿದ ಆ ದೊಡ್ಡ ಕಮಲದ ಛಾವಣಿಯನ್ನು ಕತ್ತೆತ್ತಿ ನೋಡಿದವನಿಗೆ ಇಲ್ಲೇ ಒಬ್ಬ ರಾಜ ಆಳಿದ, ಇಲ್ಲೇ ಬೃಹನ್ನಳೆ ಕುಣಿತ ಕಲಿಸಿದಳು ಅಂದರೆ ನಂಬಲು ಕಷ್ಟವಾಗದು.

ಮಳೆ ಕೈಕೊಟ್ಟ ವರ್ಷ ಗುಡಿಯಲ್ಲಿ ವಿರಾಟಪರ್ವ ಓದಿಸುವ ಪದ್ಧತಿ ಕನ್ನಡನಾಡಿನ ಹಳ್ಳಿಗಳಲ್ಲಿ ಹಿಂದಿನಿಂದ ಇದೆ. ವೇಷ ಮರೆಸಿಕೊಂಡವರು ಹೊರಬರುವ, ಕದ್ದ ದನ ಮರಳಿ ಬರುವ ಪರ್ವ ಓದಿದರೆ ಮುನಿದ ಮಳೆಯೂ ಮರಳೀತು ಎಂಬ ನಂಬಿಕೆ. ಗದುಗಿನ ಕುಮಾರವ್ಯಾಸನ ಭಾರತವನ್ನು ಒಬ್ಬರು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಉತ್ತರಕುಮಾರ ರಥ ಬಿಟ್ಟು ಓಡುವ ಕಡೆ ಬಂದಾಗ ನೂರು ಸಲ ಕೇಳಿದವರೂ ನೂರಾ ಒಂದನೇ ಸಲ ನಗುತ್ತಾರೆ. ಮಾಯಾಲೋಕಕ್ಕೆ ಮರಳುವುದು ಅಂದರೆ ಇದೇ ಅಲ್ಲವೇ?

ಮನೆಗೊಂದು ಕೋಣೆ ಹೆಚ್ಚಿಸಿದವರು

ಈ ಸೀಮೆ ಹಳೇ ಕಥೆ ಕೇಳಿ ಸುಮ್ಮನಿದ್ದ ಸೀಮೆಯೂ ಅಲ್ಲ. ಹಳೇ ಮನೆಗೆ ಹೊಸ ಕೋಣೆ ಕಟ್ಟಿದವರು ಇಲ್ಲಿ ಹುಟ್ಟಿದ್ದಾರೆ.

ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರನ್ನೇ ನೋಡಿ. 1960ರ 'ಭಕ್ತ ಕನಕದಾಸ'ದಲ್ಲಿ ಅಣ್ಣಾವ್ರು ಮಾಡಿದ ಪಾತ್ರ ಅಂದರೆ ನಮ್ಮ ಓದುಗರಿಗೆ ಥಟ್ಟನೆ ನೆನಪಾದೀತು. ಆ ಕನಕದಾಸರು 'ರಾಮಧಾನ್ಯಚರಿತೆ' ಬರೆದರು. ರಾವಣನನ್ನು ಗೆದ್ದು ರಾಮ ಅಯೋಧ್ಯೆಗೆ ಹೊರಟಿದ್ದಾನೆ. ನಡುದಾರಿಯ ಆಶ್ರಮದಲ್ಲಿ ಭತ್ತಕ್ಕೂ ರಾಗಿಗೂ ಜಗಳ: ಯಾರು ಮೇಲು? ಕೊನೆಗೆ ಬಡವರ ಧಾನ್ಯ ರಾಗಿಗೆ ಗೆಲುವು, ರಾಘವನ ಹೆಸರಿನ ಗೌರವ. ರಾಮಾಯಣದ ಲೋಕ ಹಾಗೇ ಇದೆ, ರಾಮನೂ ಅದೇ ರಾಮ. ಆದರೆ ಎಲ್ಲರಿಗೂ ಗೊತ್ತಿದ್ದ ಎರಡು ಘಟನೆಗಳ ನಡುವೆ ಕನಕದಾಸರು ತಮ್ಮ ಕಾಲದ ಮೇಲು-ಕೀಳಿನ ಪ್ರಶ್ನೆಯನ್ನು ತಂದು ನಿಲ್ಲಿಸಿದರು. ಇಂದಿನ ಧಾರಾವಾಹಿ ಬರೆಯುವವರು ಕೂತು ಕಲಿಯಬೇಕಾದ ಪಾಠವಿದು! ಅವರ 'ನಳಚರಿತ್ರೆ'ಯ ಕಥೆಯಾದರೂ ಏನು? ಜೂಜಿನಲ್ಲಿ ಸೋತು ಕಾಡಿನಲ್ಲಿ ಕೂತ ಧರ್ಮರಾಯನಿಗೆ ಸಮಾಧಾನವಾಗಲೆಂದು ಮಹಾಭಾರತದಲ್ಲಿ ಹೇಳಿದ, ಅವನಿಗಿಂತ ಹಿಂದೆ ಜೂಜಿನಲ್ಲಿ ಸೋತ ರಾಜನೊಬ್ಬನ ಕಥೆ. ಪೂರ್ವಕಥೆಯೇ ಮದ್ದಾದ ಬಗೆ!

ಸವಣೂರಿಗೆ ಬನ್ನಿ. ನವಾಬರ ಊರು, ಆನೆಯ ಕಾಲಿನಂಥ ಬೊಡ್ಡೆಯ ದೊಡ್ಡ ಹುಣಸೆಮರಗಳ ಊರು. 1909ರಲ್ಲಿ ವಿ.ಕೃ. ಗೋಕಾಕರು ಹುಟ್ಟಿದ್ದು ಇಲ್ಲಿ. ಅವರ 'ಭಾರತ ಸಿಂಧು ರಶ್ಮಿ' ಮಹಾಕಾವ್ಯದಲ್ಲಿ ಕೌರವ-ಪಾಂಡವರ ಯುದ್ಧವಿಲ್ಲ. ಅದು ಇನ್ನೂ ಹಿಂದಕ್ಕೆ, ವೇದಗಳ ಕಾಲಕ್ಕೆ, ವಿಶ್ವಾಮಿತ್ರನ ಲೋಕಕ್ಕೆ ಹೋಗುತ್ತದೆ. ಭಾರತದ ಕಥೆಗೂ ಹಿಂದಿನ ಭಾರತರ ಕಥೆ! 1990ರ ಜ್ಞಾನಪೀಠ ಪ್ರಶಸ್ತಿ ಬಂದಾಗ ನಾಡೇ ಹಿಗ್ಗಿತು.

ಭಾನುವಾರದ ಹಸ್ತಿನಾಪುರ

ಇಂಥ ಪ್ರೇಕ್ಷಕರ ಮನೆಗೆ ಟೀವಿಯಲ್ಲಿ ಹಸ್ತಿನಾಪುರ ಬಂದದ್ದು 1988ರ ಅಕ್ಟೋಬರ್ 2ರಂದು. ಅದಕ್ಕೂ ಮೊದಲು ರಾಮಾನಂದ ಸಾಗರರ 'ರಾಮಾಯಣ' 1987ರ ಜನವರಿಯಿಂದ 1988ರ ಜುಲೈವರೆಗೆ ನಡೆದಿತ್ತು. ಈಗ ಬಿ.ಆರ್. ಚೋಪ್ರಾರ 'ಮಹಾಭಾರತ', ಒಟ್ಟು 94 ಸಂಚಿಕೆ. ಭಾನುವಾರ ಬೆಳಿಗ್ಗೆ ಬೀದಿಗಳು ಬಿಕೋ! ಟೀವಿ ಇದ್ದ ಮನೆಯ ಪಡಸಾಲೆಯಲ್ಲಿ ಕೂತವರೆಷ್ಟು, ಕಿಟಕಿಗೆ ಜೋತುಬಿದ್ದವರೆಷ್ಟು!

ಚೋಪ್ರಾ ಶುರು ಮಾಡಿದ್ದು ಪಾಂಡವರಿಂದಲ್ಲ ಎಂಬುದನ್ನು ಗಮನಿಸಿ. ದುಷ್ಯಂತನ ಮಗ ಭರತ, ಆಮೇಲೆ ಶಂತನು, ಗಂಗೆ, ಹರೆಯದ ದೇವವ್ರತ. ಬಯಲಾಟದಲ್ಲಿ ಜನ ಕಂಡ ಭೀಷ್ಮ ಬಿಳಿ ಗಡ್ಡದ ಮುದುಕ. ಟೀವಿಯಲ್ಲಿ ಅದೇ ಭೀಷ್ಮ ಹುಡುಗನಾಗಿ ಬಂದ, ಅಪ್ಪನಿಗಾಗಿ ಸಿಂಹಾಸನ ಬಿಟ್ಟ, ಮದುವೆ ಬಿಟ್ಟ. ಮುಂದೆ ಶರಶಯ್ಯೆಯ ಮೇಲೆ ಮಲಗುವವನು ಇವನೇ ಎಂದು ಗೊತ್ತಿದ್ದದ್ದರಿಂದ ಆ ಪ್ರತಿಜ್ಞೆಯ ಹೊತ್ತಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಕೊನೆ ಗೊತ್ತಿಲ್ಲದವನಿಗೆ ಅದು ಬರೀ ಸಾಹಸ. ಗೊತ್ತಿದ್ದವನಿಗೆ ಅದು ದುರಂತದ ಮೊದಲ ಮೆಟ್ಟಿಲು.

ಭಾಷೆ ಮಾತ್ರ ಹಿಂದಿ! ಹಳ್ಳಿಯ ಅಜ್ಜಿಗೆ ಹೇಗೆ ತಿಳಿಯಬೇಕು? ತಿಳಿಯಿತು ನೋಡಿ! ಸಂಭಾಷಣೆ ಬರೆದ ರಾಹಿ ಮಾಸೂಮ್ ರಜಾ ಉರ್ದುವಿನಲ್ಲೂ ಹೆಸರಾದ ಬರಹಗಾರರು. ಆದರೆ ಇಲ್ಲಿ ಅವರು ಬಳಸಿದ್ದು ಸಂಸ್ಕೃತ ಬೆರೆತ ಹಿಂದಿ. ಪ್ರತಿಜ್ಞೆ, ವಚನ, ಧರ್ಮ, ಪುತ್ರ, ಸಿಂಹಾಸನ: ಎಲ್ಲ ದೊಡ್ಡಾಟದ ಮಾತುಗಳೇ! ಮಿಕ್ಕದ್ದನ್ನು ಅಜ್ಜಿಯ ನೆನಪೇ ತುಂಬಿಕೊಡುತ್ತಿತ್ತು. ಪರಭಾಷೆಯ ಧಾರಾವಾಹಿ ನಮ್ಮ ಮನೆಯಲ್ಲಿ ಗೆದ್ದದ್ದು ಕನ್ನಡದ ನೆನಪಿನ ಬಲದಿಂದ. ಈ ಮಾತನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಕನ್ನಡದಲ್ಲೇ ಕೊಡಬಾರದಿತ್ತೇ?

"ಅಲ್ರೀ, ಅಷ್ಟು ಜನ ನೋಡೂದನ್ನ ಕನ್ನಡದಾಗ ಯಾಕ ಕೊಡಲಿಲ್ಲ?" ಎಂದು ಇಂದಿನ ಹುಡುಗರು ಕೇಳುತ್ತಾರೆ. ಅದಕ್ಕೊಂದು ದೊಡ್ಡ ಇತಿಹಾಸವಿದೆ. 1960ರ ದಶಕದ ಆರಂಭದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರುದ್ಧ ದನಿ ಎತ್ತಿದರು. ಆಗ ಕನ್ನಡ ಚಿತ್ರರಂಗ ಇನ್ನೂ ಅಂಬೆಗಾಲಿನ ಕೂಸು. ಕನ್ನಡ ಮಾತು ಅಂಟಿಸಿಕೊಂಡ ಪರಭಾಷೆಯ ದೊಡ್ಡ ಚಿತ್ರಗಳು ನುಗ್ಗಿದರೆ ಇಲ್ಲಿಯ ನಟರು, ತಂತ್ರಜ್ಞರು ಬೀದಿಗೆ ಬೀಳುತ್ತಾರೆಂಬ ಭಯ ಸುಳ್ಳಾಗಿರಲಿಲ್ಲ. ಆ ಹೋರಾಟ ಕನ್ನಡ ಚಿತ್ರರಂಗವನ್ನು ಕೈಹಿಡಿದು ನಡೆಸಿತು. 1982ರಲ್ಲಿ ಗೋಕಾಕ್ ವರದಿಗಾಗಿ ರಾಜ್‌ಕುಮಾರ್ ಅವರೇ ಊರೂರು ಸುತ್ತಿದಾಗ ಚಿತ್ರರಂಗವೂ ಭಾಷೆಯೂ ಒಂದೇ ದೇಹವಾದವು. ಆ ವರದಿಗೆ ಹೆಸರು ಕೊಟ್ಟವರೂ ಸವಣೂರಿನ ಅದೇ ಗೋಕಾಕರು!

ಆದರೆ ಕೂಸು ಬೆಳೆದು ಆಳಾದ ಮೇಲೂ ಬೇಲಿ ಹಾಗೇ ಉಳಿಯಿತು. 2012ರಲ್ಲಿ ಅಮೀರ್ ಖಾನರ 'ಸತ್ಯಮೇವ ಜಯತೆ' ಹಲವು ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. ಕನ್ನಡದಲ್ಲಿ ಸಿಗದ್ದನ್ನು ಜನ ನೋಡದೆ ಬಿಟ್ಟರೇ? ಇಲ್ಲ, ಹಿಂದಿಯಲ್ಲೋ ತೆಲುಗಿನಲ್ಲೋ ನೋಡಿದರು. ಕಡೆಗೆ ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿತು. 2020ರಲ್ಲಿ ಕೊರೊನಾ ಬಂದು ಚಿತ್ರೀಕರಣ ನಿಂತು, ಚಾನೆಲ್‌ಗಳಿಗೆ ಹೊಸ ಸಂಚಿಕೆಗಳಿಲ್ಲದಂತಾಯಿತು. ಆಗ 2013-14ರ ಹಿಂದಿ 'ಮಹಾಭಾರತ' ಕನ್ನಡ ಮಾತಾಡುತ್ತಾ ಸ್ಟಾರ್ ಸುವರ್ಣದಲ್ಲಿ ಬಂತು. ಮನೆಯಲ್ಲೇ ಸಿಕ್ಕಿಬಿದ್ದ ಜನ ಅದನ್ನು ಬಾಚಿ ತಬ್ಬಿಕೊಂಡರು. ಕೃಷ್ಣ ಕನ್ನಡದಲ್ಲಿ ಮಾತಾಡಿದ! ಕುಮಾರವ್ಯಾಸನ ನಾಡಿನಲ್ಲಿ ಇದಕ್ಕೆ ಅಷ್ಟು ವರ್ಷ ಕಾಯಬೇಕಾಯಿತು ನೋಡಿ.

ನ್ಯಾಯ ಎರಡೂ ಕಡೆ ಇದೆ. ಭಾಷೆ ಕನ್ನಡವಾದರೂ ಮುಖ, ಬಟ್ಟೆ, ಅರಮನೆ, ಸಂಭಾವನೆ ಎಲ್ಲ ಹೊರಗಿನವು. ಹಾಗಂತ ನೋಡುವವನ ಹಕ್ಕನ್ನು ಕಿತ್ತುಕೊಳ್ಳುವುದೂ ಸರಿಯಲ್ಲ. ಹಾಗಾದರೆ ದಾರಿ ಯಾವುದು? ನಮ್ಮ ಲೋಕವನ್ನು ನಾವೇ ಕಟ್ಟುವುದು!

ಕಾಂತಾರ ತೋರಿಸಿದ ದಾರಿ

ಅದು ಆಗುತ್ತದೆಂದು ರಿಷಬ್ ಶೆಟ್ಟಿ ತೋರಿಸಿದರು. 2022ರ ಸೆಪ್ಟೆಂಬರ್ 30ರಂದು ಬಂದ 'ಕಾಂತಾರ' ಕರಾವಳಿಯ ದೈವದ ಕಥೆ. ಕೊನೆಯಲ್ಲಿ ನಾಯಕ ಶಿವ ಕಾಡಿನಲ್ಲಿ ಮಾಯವಾಗುತ್ತಾನೆ. ಮುಂದೇನು ಎಂದು ಎಲ್ಲರೂ ಕಾದರೆ, ರಿಷಬ್ ಹಿಂದಕ್ಕೆ ಹೋದರು! 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ: ಅಧ್ಯಾಯ 1' ಕದಂಬರ ಕಾಲದ ಪೂರ್ವಕಥೆ. ಅದೇ ತಿಂಗಳ ಕೊನೆಗೆ ಪ್ರೈಮ್ ವಿಡಿಯೋ ಮೂಲಕ ಮನೆ ಮನೆಯ ಕಿರುತೆರೆಗೂ ಬಂತು.

ಕದಂಬರು ಅಂದಕೂಡಲೇ ಹಾನಗಲ್ಲಿನವರ ಕಿವಿ ನೆಟ್ಟಗಾಗಬೇಕು! ಬನವಾಸಿ ಈ ಸೀಮೆಗೆ ನೆರೆಯ ಊರು. ಮುಂದೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕದಂಬರದೇ ಒಂದು ಶಾಖೆ ಹಾನಗಲ್ಲಿನಿಂದ ಆಳಿತು. ಹೊಯ್ಸಳ ವಿಷ್ಣುವರ್ಧನ, ಇಮ್ಮಡಿ ಬಲ್ಲಾಳರಂಥವರು ಈ ಕೋಟೆಗೆ ಮುತ್ತಿಗೆ ಹಾಕಿದರು. ಮುತ್ತಿಗೆ, ಮನೆತನ, ದ್ರೋಹ, ಗುಡಿ, ಕೆರೆ: ಡ್ರ್ಯಾಗನ್ ಒಂದು ಬಿಟ್ಟು ಎಲ್ಲವೂ ಇಲ್ಲೇ ಇದೆ ಸ್ವಾಮಿ!

ಇನ್ನೊಂದು ಮಾತು. ಪಂಜುರ್ಲಿ, ಗುಳಿಗ ಈ ಕಡೆಯ ದೈವಗಳಲ್ಲ. ಆದರೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಕಾರಣಿಕಕ್ಕೆ ಉಸಿರು ಬಿಗಿಹಿಡಿದು ನಿಲ್ಲುವ ಜನಕ್ಕೆ ದೈವದ ಮಾತಿನ ತೂಕ ಹೇಳಿಕೊಡಬೇಕೇ? ಒಂದು ಊರಿನ ಕಥೆಯನ್ನು ಅದರ ಮಣ್ಣಿನ ಸಮೇತ ಹೇಳಿದರೆ ಇನ್ನೊಂದು ಊರಿನವನು ಅದರಲ್ಲಿ ತನ್ನ ಮಣ್ಣನ್ನು ಕಾಣುತ್ತಾನೆ.

ನೆನಪು ಆರಿದರೆ?

ಈಗ ನಿಜವಾದ ಚಿಂತೆಗೆ ಬರೋಣ. ಪೂರ್ವಕಥೆ ನಿಲ್ಲುವುದು ನೋಡುವವನ ನೆನಪಿನ ಮೇಲೆ. ಭೀಷ್ಮ ಮುಂದೆ ಏನಾಗುತ್ತಾನೆಂದು ಗೊತ್ತಿಲ್ಲದವನಿಗೆ ದೇವವ್ರತನ ಪ್ರತಿಜ್ಞೆಯಿಂದ ಏನೂ ಆಗದು. 1988ರಲ್ಲಿ ಅಜ್ಜಿಯ ಬಳಿ ಆ ನೆನಪಿತ್ತು. ಅದು ಬಂದದ್ದು ಬಯಲಾಟದಿಂದ, ಭಾರತ ವಾಚನದಿಂದ. ಇಂದಿನ ಹುಡುಗನಿಗೆ ಮಹಾಭಾರತ ಅಂದರೆ ಟೀವಿಯದೇ, ಅರ್ಜುನನ ಮುಖ ಅಂದರೆ ಧಾರಾವಾಹಿಯ ನಟನದೇ. ರಾತ್ರಿಯಿಡೀ ಕೂರುವ ಪುರುಸೊತ್ತು ಯಾರಿಗಿದೆ? ಆಟ ಕಲಿಸುವ ಮಾಸ್ತರರು ಮುದುಕರಾಗುತ್ತಿದ್ದಾರೆ. ಅವರ ಜೊತೆ ನೂರಾರು ಪದ, ನೂರಾರು ಮಾತು ಹೋಗಿಬಿಟ್ಟರೆ ನಾಳೆ ನಮ್ಮ ಮಕ್ಕಳು ಮರಳುವುದು ಯಾವ ಲೋಕಕ್ಕೆ? ಬೇರೆಯವರು ಕಟ್ಟಿ ಬಾಡಿಗೆಗೆ ಕೊಟ್ಟ ಲೋಕಕ್ಕೆ!

ಕೈಚೆಲ್ಲುವ ಕಾಲವಂತೂ ಅಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೇ ಇದೆ. ಅಲ್ಲೇ ಹತ್ತಿರ, ದೊಡ್ಡಾಟಕ್ಕಾಗಿ ದುಡಿದ ಕಲಾವಿದ ಟಿ.ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕು ಅಲ್ಲಿ ಬಣ್ಣದ ಬೊಂಬೆಗಳಾಗಿ ನಿಂತಿದೆ. ಆಟದ ಪದ, ಕುಣಿತ, ವೇಷ ಬಲ್ಲವರು ಇನ್ನೂ ಇದ್ದಾರೆ. ಇದೇ ತಾಲೂಕಿನ ಶಿಶುವಿನಹಾಳದ ಸಂತನನ್ನು 1990ರಲ್ಲಿ ನಾಗಾಭರಣ 'ಸಂತ ಶಿಶುನಾಳ ಶರೀಫ' ಮಾಡಿ ತೋರಿಸಿದಾಗ, ಸಿ. ಅಶ್ವಥ್ ಸಂಗೀತದಲ್ಲಿ ಆ ತತ್ವಪದಗಳು ನಾಡಿನ ಮೂಲೆ ಮೂಲೆ ಮುಟ್ಟಿದವು. ನಮ್ಮ ಸೀಮೆಯ ಸರಕಿಗೆ ಗಿರಾಕಿ ಇಲ್ಲ ಎಂದವರು ಯಾರು?

ಆದ್ದರಿಂದ ಕಿರುತೆರೆಯ ನಿರ್ಮಾಪಕರಿಗೆ ಈ ನಾಲ್ಕು ತಾಲೂಕಿನ ಪ್ರೇಕ್ಷಕರ ಪರವಾಗಿ ಒಂದು ಬಿನ್ನಹ. ಪಾಂಡವರು ಕಾಲಿಡುವುದಕ್ಕೂ ಮುಂಚೆ ವಿರಾಟನ ಊರು ಹೇಗಿತ್ತು? ರಾಣಿಯ ತಮ್ಮ ಕೀಚಕನ ಕೈಗೆ ಅಷ್ಟು ಅಧಿಕಾರ ಸಿಕ್ಕಿದ್ದು ಹೇಗೆ? ಉತ್ತರಕುಮಾರ ಅಷ್ಟು ಪುಕ್ಕಲನಾಗಿ ಬೆಳೆದದ್ದು ಯಾರ ಆಸರೆಯಲ್ಲಿ? ಇಷ್ಟು ಸಾಕಲ್ಲವೇ ಒಂದು ಧಾರಾವಾಹಿಗೆ! ಕನ್ನಡದ ಮುಖಗಳು, ದೊಡ್ಡಾಟದ ವೇಷ, ಹಾನಗಲ್ಲಿನ ಕಲ್ಲು, ಈ ಸೀಮೆಯ ಗಂಡುಮೆಟ್ಟಿನ ಮಾತು ಹಾಕಿ ಮಾಡಿ ನೋಡಿ. ಕೊನೆ ಎಲ್ಲರಿಗೂ ಗೊತ್ತು, ಕೀಚಕ ಸಾಯುತ್ತಾನೆ. ಆದರೂ ಜನ ಬಂದು ಕೂರುತ್ತಾರೆ, ಬೆಳಗಿನ ಜಾವದವರೆಗೂ ಕೂರುತ್ತಾರೆ.

ಸಾರಥಿ ಅಟ್ಟದ ಮೇಲೆ ನಿಂತು ಕೇಳುತ್ತಲೇ ಇದ್ದಾನೆ: ತಾವು ಯಾರು, ಯಾವ ಪಟ್ಟಣ? ಉತ್ತರ ಕನ್ನಡದಲ್ಲೇ ಬರಲಿ!